ಕಪ್ಪಂಗಿ ಸ್ವಾಮಿಗಳ ಮೊದಲ ಕ್ಯಾಸೆಟ್ಟು

ಯಶು, ನಂದಿನಿ,

ಇದನ್ನು ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಯಶು ಮೊದಲು ಓದಲಿ, ಕೆಲಸಕ್ಕೆ ಸೇರುವವನು ಅವನು. ನಂದಿನಿ ಆಮೇಲೆ ಓದಿ ಅವನಿಗೆ ಅರ್ಥವಾಗದ್ದನ್ನು ಹೇಳಲಿ. ಯಾವಾಗಲೂ ಹಾಗೇ ತಾನೆ ನಡೆಯುವುದು.

ಮೈಸೂರಿನಲ್ಲಿ ಧ್ವನಿಮುದ್ರಣದ ಕೋಣೆಯೊಂದರಲ್ಲಿ ಕೆಲಸ ಸಿಕ್ಕಿತೆಂದು ಯಶು ಫೋನು ಮಾಡಿದಾಗ, "ಅಜ್ಜಿ, ನೀವೂ ಅದೇ ಲೈನಲ್ಲಿ ಇದ್ರಂತಲ್ಲ, ಹೇಗಿರುತ್ತೆ?" ಎಂದು ಕೇಳಿದ. ನಾನು "ಚೆನ್ನಾಗಿರುತ್ತೆ" ಎಂದು ಹೇಳಿ ಫೋನನ್ನು ನಿಮ್ಮ ಅಮ್ಮನ ಕೈಗೆ ಕೊಟ್ಟುಬಿಟ್ಟೆ. ನನಗೆ ಬಾಯಿಯಲ್ಲಿ ಇಷ್ಟೇ ಬರುವುದು. ಬರೆಯುವುದಾದರೆ ಸ್ವಲ್ಪ ಧೈರ್ಯ. ಗಡಿ ಕಡೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಕಲಿತದ್ದು, ಕೊಯಮತ್ತೂರಿನ ಹತ್ತಿರದ ಈ ಅನ್ನೂರಿಗೆ ಮದುವೆಯಾಗಿ ಬಂದ ಮೇಲೆ ಬರೆಯಲು ಯಾರೂ ಇಲ್ಲದೆ ಹಾಗೆಯೇ ಉಳಿದಿತ್ತು. ಇಲ್ಲಿ ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಅಕ್ಷರ ಯಾರಿಗೂ ಬೇಕಿರಲಿಲ್ಲ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮ ಅಮ್ಮ ಚಿಕ್ಕವಳು. ನಾನು ಕೆಲಸಕ್ಕೆ ಹೋಗುವುದೆಂದಾಗ ಮನೆಯ ಹಿರಿಯರು ಕೂತು ಚರ್ಚಿಸಿದರು. ಗಿರಣಿ ಬೇಡ, ಅಲ್ಲಿ ಗಂಡಸರು ಮಾತಾಡಿಸುತ್ತಾರೆ. ಬನಿಯನ್ ಕಂಪನಿ ಬೇಡ, ಅಲ್ಲಿ ಹೆಂಗಸರೇ ಮಾತಾಡಿಸುತ್ತಾರೆ. ಕೊಯಮತ್ತೂರಿನಲ್ಲಿ ಕ್ಯಾಸೆಟ್ಟು ಮಾಡುವ ಜಾಗವೊಂದಿದೆ, ಅಲ್ಲಿ ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು ಎಂದು ಯಾರೋ ಹೇಳಿದಾಗ ಎಲ್ಲರಿಗೂ ಸಮಾಧಾನವಾಯಿತು. ಎರಡು ಕಿವಿಯೂ ಮುಚ್ಚಿರುವ ವಿಧವೆಯ ಬಗ್ಗೆ ಊರು ಏನು ತಾನೆ ಹೇಳೀತು?

ಹೀಗೆ ನಾನು ಟೌನ್ ಬಸ್ಸು ಹತ್ತಿದೆ. ಎಂಬತ್ತರ ದಶಕ ಅರ್ಧ ಕಳೆದಿತ್ತು.

ನಮ್ಮ ಮುದಲಾಳಿ, ಅಂದರೆ ಕಂಪನಿಯ ಯಜಮಾನರು, ಮೊದಲು ಬಾವಿಯ ಮೋಟಾರು ಪಂಪು ಮಾರುತ್ತಿದ್ದವರು. ಕೆಳಗೆ ಪಂಪಿನ ಅಂಗಡಿ, ಮೇಲೆ ಕ್ಯಾಸೆಟ್ಟು. ಅವರೂ ನಮ್ಮ ಹಾಗೆ ಮನೆಯಲ್ಲಿ ಕನ್ನಡದವರೇ. ವ್ಯಾಪಾರಕ್ಕೆ ತಮಿಳು, ಬೈಯುವುದಕ್ಕೆ ಕನ್ನಡ ಎಂದು ಭಾಗ ಮಾಡಿಕೊಂಡಿದ್ದರು. ಗಿರಾಕಿಗಳ ಎದುರಿಗೆ ನಗುತ್ತಲೇ ನಮ್ಮನ್ನು ಕತ್ತೆಯಿಂದ ಹಿಡಿದು ಎಮ್ಮೆಯವರೆಗೆ ಕರೆಯಬಹುದಾಗಿತ್ತು. ಗಿರಾಕಿಗಳು ಎಂಥ ಸಾಧು ಮನುಷ್ಯ ಎಂದುಕೊಂಡು ಹೋಗುತ್ತಿದ್ದರು. ನನ್ನನ್ನು ನೋಡಿದ ದಿನ, "ಮಾತು ಬರುತ್ತಾಮ್ಮಾ?" ಎಂದರು. ನಾನು ತಲೆಯಾಡಿಸಿದೆ. "ಒಳ್ಳೇದಾಯ್ತು. ಬಾಯಿ ಕಮ್ಮಿ ಇರೋರಿಗೆ ಕಿವಿ ಜಾಸ್ತಿ ಇರುತ್ತೆ. ನಾಳೆಯಿಂದ ಬಾ," ಎಂದರು. ಪರೀಕ್ಷೆ ಅಷ್ಟೇ.

ಕೆಲಸ ಹೀಗೆ. ಮೂಲ ಹಾಡಿರುವ ಮಾಸ್ಟರ್ ಟೇಪಿನಿಂದ ಯಂತ್ರ ಒಂದೇ ಸಲಕ್ಕೆ ಹಲವು ಕ್ಯಾಸೆಟ್ಟಿಗೆ ಹಾಡು ಇಳಿಸುತ್ತದೆ. ಟೇಪು ಉಜ್ಜುವ ಹೆಡ್ಡಿನಲ್ಲಿ ಕಂದು ಪುಡಿ ಕೂರುತ್ತದೆ, ಅದನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಬೇಕು. ಪ್ರತಿ ಕಟ್ಟಿನಿಂದ ಒಂದನ್ನು ತೆಗೆದು ಪೂರ್ತಿ ಕೇಳಬೇಕು. ಕರಕರ, ಗುಂಯ್, ನಡುಕ, ಏನೇ ಬೇಡದ ಸದ್ದು ಬಂದರೂ ಚೀಟಿಯಲ್ಲಿ ಬರೆದು ಆ ಕಟ್ಟನ್ನು ತಡೆಯಬೇಕು. ನಮ್ಮದು ಭಕ್ತಿಗೀತೆಯ ಕಂಪನಿ. ಬೇರೆ ಕಡೆ ಸದ್ದು ಹೀರಲೆಂದು ಗೋಡೆಗೆ ಮೊಟ್ಟೆಯ ತಟ್ಟೆ ಹೊಡೆಯುತ್ತಾರಂತೆ. ನಮ್ಮಲ್ಲಿ ದೇವರ ಹಾಡಾಗುವ ಜಾಗದಲ್ಲಿ ಮೊಟ್ಟೆಯ ಹೆಸರೂ ಬೇಡವೆಂದು ಗೋಣಿಚೀಲದೊಳಗೆ ಹತ್ತಿ ತುಂಬಿ ಹೊಡೆದಿದ್ದರು. ಹಾಡುಗಾರರು ಒಳಗೆ ಹೋದವರು ಸೀನುತ್ತಾ ಹೊರಗೆ ಬರುತ್ತಿದ್ದರು.

ಶುರುವಿನಲ್ಲಿ ಒಂದೇ ಕಡೆ ಕೇಳಿದರೆ ಸಾಕೆಂದು ಹೇಳಿದ್ದರು. ಒಂದು ಮಾರ್ಗಳಿ ತಿಂಗಳಿನಲ್ಲಿ, ಅಂದರೆ ಧನುರ್ಮಾಸದಲ್ಲಿ, ಮೊದಲ ಬದಿಯಲ್ಲಿ ದೇವಿಯ ಹಾಡಿದ್ದ ಕ್ಯಾಸೆಟ್ಟಿನ ಎರಡನೆಯ ಬದಿಗೆ ಯಾವುದೋ ಚುನಾವಣಾ ಭಾಷಣ ಇಳಿದುಹೋಯಿತು. ಹಳೆಯ ಟೇಪನ್ನು ಅಳಿಸದೆ ಹಾಕಿದ್ದರು. ಊರೂರಿನ ಗುಡಿಗಳಲ್ಲಿ ಬೆಳಿಗ್ಗೆ ಕ್ಯಾಸೆಟ್ಟು ತಿರುವಿ ಹಾಕಿದ ಕೂಡಲೇ "ತಾಯಂದಿರೇ" ಎಂದು ಗಂಡಸಿನ ಧ್ವನಿ ಕೂಗಿತು. ಎರಡೇ ಊರಿನಿಂದ ದೂರು ಬಂತು. ದೂರು ಏನೆಂದರೆ ಭಾಷಣ ಎದುರು ಪಕ್ಷದ್ದು ಎಂದು. ಉಳಿದ ಊರುಗಳಲ್ಲಿ ಪೂರ್ತಿ ಹಾಕಿ ಮುಗಿಸಿ ಮಂಗಳಾರತಿ ಮಾಡಿದ್ದರು. ಅಲ್ಲಿಂದ ಮುಂದೆ ನಾನು ಎರಡೂ ಬದಿ ಕೇಳುವುದೆಂದಾಯಿತು. ಯಶು, ನಿನ್ನ ಕೆಲಸದಲ್ಲಿ ಬರುವ ಎಷ್ಟೋ ನಿಯಮಗಳು ಹೀಗೆ ಹುಟ್ಟಿದವೇ. ಏಕೆಂದು ಕೇಳಬೇಡ, ಹೇಳುವವರಿಗೆ ನಾಚಿಕೆಯಾಗುತ್ತದೆ.

ಈಗ ನಾನು ಹೇಳಬೇಕೆಂದಿದ್ದ ಸಂಗತಿಗೆ ಬರುತ್ತೇನೆ.

ಕಾರ್ತಿಕ ಮಾಸ ಹುಟ್ಟಿ ಕೆಲವು ದಿನವಾಗಿತ್ತು. ಶಬರಿಮಲೆಗೆ ಮಾಲೆ ಹಾಕುವ ಕಾಲ. ಬೀದಿಯಲ್ಲಿ ಎಲ್ಲಿ ನೋಡಿದರೂ ಕಪ್ಪು ಬಟ್ಟೆ, ಬೋಳಿಸದ ಗಡ್ಡ, ಬರಿಗಾಲು. ಆಗ ನಾಲ್ಕು ಜನ ಹುಡುಗರು ಮೆಟ್ಟಿಲು ಹತ್ತಿ ಬಂದರು. ನಾಲ್ವರಿಗೂ ಕಪ್ಪಂಗಿ, ಗಡ್ಡ, ಹೆಗಲಿಗೆ ಇಳಿದ ಕೂದಲು, ಕತ್ತಿನಲ್ಲಿ ಕರಿಮಣಿಯ ಸರ. ಮೇಲೆ ದೇವರ ಪಟವಿದ್ದುದರಿಂದ ಎಲ್ಲರೂ ಮೆಟ್ಟಿಲ ಹತ್ತಿರವೇ ಚಪ್ಪಲಿ ಬಿಡಬೇಕಿತ್ತು, ಅವರೂ ಬೂಟು ಬಿಟ್ಟೇ ಬಂದಿದ್ದರು. ಮುದಲಾಳಿ ಕುರ್ಚಿಯಿಂದ ಎದ್ದರು. ಎರಡೂ ಕೈ ಜೋಡಿಸಿ, "ಸ್ವಾಮಿ ಶರಣಂ" ಎಂದರು.

ಮುಂದಿದ್ದ ಹುಡುಗ ಕಣ್ಣು ಮಿಟುಕಿಸಿದ. ನಮ್ಮ ಕಡೆ ಹುಟ್ಟಿದ ಯಾರಿಗಾದರೂ ಆ ಮಾತಿಗೆ ಉತ್ತರ ಯೋಚಿಸಿ ಬರುವುದಿಲ್ಲ, ಆಕಳಿಕೆಯ ಹಾಗೆ ತಾನೇ ಬರುತ್ತದೆ. "ಶರಣಂ ಅಯ್ಯಪ್ಪ" ಎಂದುಬಿಟ್ಟ.

ಅಲ್ಲಿಗೆ ಮುಗಿಯಿತು. ಮುದಲಾಳಿ ಅವನ ಬಾಯಿಯಿಂದ ಇನ್ನೊಂದು ಮಾತು ಹೊರಡಲು ಬಿಡಲಿಲ್ಲ. "ಹಾಡು ರೆಕಾರ್ಡ್ ಮಾಡ್ಬೇಕಾ ಸ್ವಾಮಿ? ಮಾಡಿ. ಮಂಡಲ ವ್ರತದ ಕಾಲದಲ್ಲಿ ಸ್ವಾಮಿಗಳ ಹತ್ರ ಬಾಡಿಗೆ ಇಸ್ಕೊಂಡ್ರೆ ನನ್ ಕೈ ಬಿದ್ದೋಗುತ್ತೆ. ನಿಮ್ಮ ವ್ರತ ಮುಗಿಯೋವರ್ಗೂ ಒಳಗಿನ ರೂಮು ನಿಮ್ದೇ."

ಆ ಹುಡುಗನ ಹೆಸರು ಭಾಸ್ಕರ. ಅವನೂ ಕನ್ನಡ ಮಾತಿನ ನೇಕಾರರ ಮನೆಯವನು. ಅವನ ಅಪ್ಪ ಮಗ್ಗ ಮಾರಿ ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ತೊಟ್ಟಿ ಇಟ್ಟಿದ್ದರು. ಡ್ರಮ್ಮು ಬಾರಿಸುವವನ ಹೆಸರು ಅಂತೋಣಿಸಾಮಿ. ಭಾನುವಾರ ಇಗರ್ಜಿಗೆ ಹೋಗುವ ಹುಡುಗ. ಹೆಸರಿನಲ್ಲಿ ಮೊದಲೇ ಸಾಮಿ ಇದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ಇನ್ನಿಬ್ಬರು ಗಿಟಾರಿನವರು, ಮಾತೇ ಆಡುತ್ತಿರಲಿಲ್ಲ. ಅವರ ಮೇಲೆ ನನಗೆ ಬೇಗ ಗೌರವ ಬಂತು.

ಮಾರನೆಯ ದಿನ ಮೆಟ್ಟಿಲಿನಲ್ಲಿ ಅಂತೋಣಿ, "ಮಚ್ಚಾ, ನಿಜ ಹೇಳಿಬಿಡೋಣ. ನಮಗೆ ವ್ರತವೂ ಇಲ್ಲ ಮಲೆಯೂ ಇಲ್ಲ," ಎನ್ನುತ್ತಿದ್ದ.

"ಹೇಳಿ ಎಲ್ಲಿಗೆ ಹೋಗ್ತೀಯ?" ಎಂದ ಭಾಸ್ಕರ. "ಇರೋ ಸ್ಟುಡಿಯೋದವರೆಲ್ಲ ಒಂದು ಹಾಡು ಕೇಳಿ ಬಾಗಿಲು ತೋರಿಸಿದ್ರು. ಇವರು ಕೇಳದೇನೇ ಬಾಗಿಲು ತೆಗೆದವ್ರೆ. ಸಂಕ್ರಾಂತಿ ಆಗಿ ತೈ ತಿಂಗಳು ಬರೋವರ್ಗೂ ತಡ್ಕೋ."

ನಾನು ಹಿಂದೆಯೇ ಹತ್ತಿ ಬರುತ್ತಿದ್ದೆ. ಅವರು ತಿರುಗಿ ನೋಡಿ ಬಿಳಿಚಿಕೊಂಡರು. ನಾನು ಪಕ್ಕಕ್ಕೆ ಸರಿದು ಒಳಗೆ ಹೋದೆ. ಮುದಲಾಳಿ ನನ್ನನ್ನು ಏನೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳುವ ಅಭ್ಯಾಸ ನನಗೆ ಇರಲಿಲ್ಲ.

ಅವರ ಕಷ್ಟ ಆಮೇಲೆ ಶುರುವಾಯಿತು. ಸ್ವಾಮಿಗಳೆಂದು ಗೊತ್ತಾದ ಕೂಡಲೇ ಮುದಲಾಳಿಯ ಮನೆಯಿಂದ ಹಿಡಿದು ಬೀದಿಯ ಮನೆಯವರೆಲ್ಲ ಊಟಕ್ಕೆ ಕರೆಯತೊಡಗಿದರು. ಈರುಳ್ಳಿಯಿಲ್ಲದ ಸಾಂಬಾರು, ಬೆಳ್ಳುಳ್ಳಿಯಿಲ್ಲದ ರಸಂ. ಒಬ್ಬ ಗಿಟಾರಿನವನು ಬಸ್ ಸ್ಟ್ಯಾಂಡಿನ ಹಿಂದೆ ಹೋಗಿ ಸಿಗರೇಟು ಹಚ್ಚಿದನಂತೆ. ಟೀ ಅಂಗಡಿಯವನು ಓಡಿಬಂದು ಬಾಯಿಂದಲೇ ಕಿತ್ತು, "ಸ್ವಾಮಿ, ನೀವು ಕೆಟ್ಟರೆ ನೋಡಿದ ಪಾಪ ನನಗೆ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡನಂತೆ. ಚಪ್ಪಲಿ ಹಾಕುವ ಹಾಗಿಲ್ಲ, ಚಾಪೆಯ ಮೇಲೆ ಮಲಗದಿದ್ದರೆ ಅವರಿದ್ದ ಹಾಸ್ಟೆಲಿನ ಅಡುಗೆಯವನೇ ಎಬ್ಬಿಸುತ್ತಾನೆ, ಬೆಳಿಗ್ಗೆ ತಣ್ಣೀರು. ಪೊಲೀಸರು ಕಳ್ಳನನ್ನು ಕಾಯುವುದಕ್ಕಿಂತ ಚೆನ್ನಾಗಿ ಊರು ಸ್ವಾಮಿಗಳನ್ನು ಕಾಯುತ್ತದೆ. ಅಂತೋಣಿಗೆ ಮಾತ್ರ ಪಾಯಸ ಹಿಡಿಸಿತು. ಅವನ ಗಲ್ಲ ತುಂಬಿಕೊಂಡಿತು.

ರೆಕಾರ್ಡಿಂಗಿನ ಕಥೆ ಇನ್ನೊಂದು. ಸದ್ದು ಹಿಡಿಯುವವರನ್ನು ನಾವು ಮಾಸ್ಟರ್ ಎಂದೇ ಕರೆಯುತ್ತಿದ್ದೆವು. ನೂರಾರು ದೇವರ ಹಾಡಿಗೆ ಗುಹೆಯೊಳಗಿಂದ ಬಂದ ಹಾಗೆ ಎಕೋ ಕೊಟ್ಟ ಕೈ. ಈ ಹುಡುಗರ ಗಿಟಾರು ಮೊದಲ ಸಲ ಮೊಳಗಿದಾಗ ಅವರು ಹೆಡ್‌ಫೋನ್ ಕಿತ್ತು ಎದ್ದರು. ನೇರ ಹೋಗಿ ಗಿಟಾರಿನ ಪೆಟ್ಟಿಗೆಯ ಮುಂದಿನ ಬಟ್ಟೆ ಬಿಚ್ಚಿ ನೋಡಿದರು. ಒಳಗಿನ ಸ್ಪೀಕರಿನ ಕಾಗದ ಹರಿದಿತ್ತು.

"ಅಯ್ಯೋ ಸ್ವಾಮಿ, ಇಷ್ಟು ದಿನ ಇದನ್ನಿಟ್ಕೊಂಡು ಒದ್ದಾಡ್ತಿದ್ರಾ? ಒಂದು ಮಾತು ಹೇಳೋದಲ್ವಾ?" ಎಂದು, ಹುಡುಗರು ಟೀ ಕುಡಿಯಲು ಹೋದಾಗ ಗೋಂದು ಹಚ್ಚಿ, ತೆಳ್ಳನೆಯ ಕಾಗದ ಅಂಟಿಸಿ, ಫ್ಯಾನಿನ ಕೆಳಗೆ ಒಣಗಿಸಿ ಇಟ್ಟರು. ಹುಡುಗರು ಬಂದು ಬಾರಿಸಿದರು. ಗಿಟಾರು ವೀಣೆಯ ಹಾಗೆ ಇಂಪಾಗಿ ನುಡಿಯಿತು. ಭಾಸ್ಕರನ ಮುಖ ನೋಡಬೇಕಿತ್ತು. ಆ ಹರಕು ಅವರೇ ಬ್ಲೇಡಿನಿಂದ ಮಾಡಿದ್ದು. ಅದರಿಂದಲೇ ಆ ಗರಗಸದ ಸದ್ದು.

ಅವರು ಮತ್ತೆ ಹರಿದರು. ಮಾಸ್ಟರ್ ಮತ್ತೆ ಅಂಟಿಸಿದರು. ಮೂರನೆಯ ಸಲ ಹರಿದಾಗ ಮಾಸ್ಟರ್ ಇಲಿಯ ಕಾಟವೆಂದು ತೀರ್ಮಾನಿಸಿ ರೂಮಿನೊಳಗೆ ಬೋನು ಇಟ್ಟರು. ಒಳಗೆ ಒಂದು ವಡೆ. ಆ ವಡೆಯನ್ನು ಅಂತೋಣಿ ತಿಂದ. ಇಲಿ ಬಲು ಜಾಣ ಎಂದು ಮಾಸ್ಟರ್ ಕೊನೆಗೆ ಕೈಬಿಟ್ಟರು. ಹಾಡಿನ ಮಾತಿನ ಬಗ್ಗೆ ಅವರು ಕೇಳಲೇ ಇಲ್ಲ. "ಇಂಗ್ಲಿಷ್ ಭಜನೆ, ಸಿಂಗಾಪುರಕ್ಕೆ ಹೋಗುತ್ತೆ," ಎಂದು ನನಗೆ ಹೇಳಿದರು. ಕೆಳಗೆ ಕೂತ ಮುದಲಾಳಿ, ಚಾವಣಿಯೆಲ್ಲ ಅದುರಿದಾಗ, "ಭಕ್ತಿ ಜೋರಾಗಿದೆ," ಎಂದು ಪಂಪು ಕೊಳ್ಳಲು ಬಂದವರಿಗೆ ಹೇಳುತ್ತಿದ್ದರು.

ಮಾರ್ಗಳಿಯಲ್ಲಿ ಮಾಸ್ಟರ್ ಟೇಪು ಸಿದ್ಧವಾಗಿ ನನ್ನ ಮೇಜಿಗೆ ಬಂತು. ನಾನು ಹೆಡ್‌ಫೋನ್ ಹಾಕಿ ಗುಂಡಿ ಒತ್ತಿದೆ. ಮಕ್ಕಳೇ, ತಗಡಿನ ಮಾಡಿನ ಮೇಲೆ ಕಲ್ಲು ಸುರಿದ ಹಾಗೆ, ಕೆಳಗೆ ಯಾರೋ ಹೊಟ್ಟೆಯಿಂದ ಗೊರಗುಟ್ಟಿದ ಹಾಗೆ. ನಿಯಮದ ಪ್ರಕಾರ ಬೇಡದ ಸದ್ದನ್ನೆಲ್ಲ ಚೀಟಿಯಲ್ಲಿ ಬರೆಯಲು ಶುರುಮಾಡಿದೆ. ಚೀಟಿ ತುಂಬಿತು, ಹಾಡು ಇನ್ನೂ ಮೊದಲನೆಯದು. ಮೇಜಿನ ಆಚೆ ಭಾಸ್ಕರ ಕೈಕಟ್ಟಿ ನಿಂತಿದ್ದ.

"ಅಕ್ಕಾ, ನೀವು ತಡೆದ್ರೆ ಇದು ಆಚೆಗೆ ಹೋಗಲ್ಲ, ಅಲ್ವಾ?"

"ಹೂಂ."

"ನಮಗೆ ಬೇಕಿರೋ ಸದ್ದೇ ಇದು ಅಕ್ಕಾ. ಡೆತ್-ಥ್ರ್ಯಾಷ್ ಮೆಟಲ್ ಅಂತಾರೆ. ಡೆತ್ ಅಂದ್ರೆ ಸಾವು, ಥ್ರ್ಯಾಷ್ ಅಂದ್ರೆ ಬಡಿಯೋದು."

ನಾನು ಸ್ವಲ್ಪ ಯೋಚಿಸಿ, "ಸಾವಿನ ಮನೆ ಮುಂದೆ ತಮಟೆ ಬಡೀತಾರಲ್ಲ, ಹಾಗಾ?" ಎಂದೆ. ನಾನೇ ಒಬ್ಬ ಹುಡುಗನಿಗೆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಅದೇ ಅಕ್ಕಾ! ಅದೇ!" ಎಂದು ಕುರ್ಚಿ ಎಳೆದು ಕೂತ. "ಸತ್ತಿರೋದು ಹೊಳೆ. ನೊಯ್ಯಲ್ ಹೊಳೆ ನೋಡಿದೀರಾ ತಿರುಪ್ಪೂರಿನ ಹತ್ರ? ಬೆಳಿಗ್ಗೆ ಕೆಂಪು, ಮಧ್ಯಾಹ್ನ ನೀಲಿ. ನಾನು ಚಿಕ್ಕವನಿದ್ದಾಗ ಮೀನು ಹಿಡೀತಿದ್ದೆ. ಈಗ ಮೀನೂ ಇಲ್ಲ, ಕಪ್ಪೆಯೂ ಇಲ್ಲ. ನಮ್ಮ ಅಪ್ಪನ ತೊಟ್ಟಿ ನೀರೂ ಅಲ್ಲಿಗೇ ಹೋಗೋದು. ತೈ ಹುಟ್ಟಿದ್ರೆ ನಾನು ತೊಟ್ಟಿ ಕೆಲಸಕ್ಕೆ ನಿಂತ್ಕೋಬೇಕು, ಅಪ್ಪನಿಗೆ ಮಾತು ಕೊಟ್ಟಿದೀನಿ. ಆಮೇಲೆ ಆ ನೀರು ಬಿಡೋನು ನಾನೇ. ಬಿಡೋನು ಹೇಗೆ ಹಾಡ್ತಾನೆ ಅಕ್ಕಾ? ಅದಕ್ಕೆ ಮುಂಚೆ ಒಂದೇ ಒಂದು ಕ್ಯಾಸೆಟ್ಟು, ನಮ್ಮ ಹೆಸರಲ್ಲಿ, ಹೊಳೆ ಹೆಸರಲ್ಲಿ ಬಂದುಬಿಡ್ಲಿ."

ಅವರ ತಂಡದ ಹೆಸರು ಬ್ಲ್ಯಾಕ್ ವ್ಯಾಟ್. ಕಪ್ಪು ಬಣ್ಣದ ತೊಟ್ಟಿ ಎಂದು ಅರ್ಥವಂತೆ. ಕ್ಯಾಸೆಟ್ಟಿಗೆ 'ಮೀನಿಲ್ಲದ ಹೊಳೆ' ಎಂದು ಬರುವ ಹಾಗೆ ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದರು.

ಆ ದಿನ ಅವನು ನನ್ನ ಪಕ್ಕ ಕೂತು, ಯಾವ ಗರಗರ ಬೇಕಾದದ್ದು, ಯಾವುದು ಬೇಡದ್ದು ಎಂದು ತೋರಿಸಿಕೊಟ್ಟ. ಗಿಟಾರಿನ ಹರಕು ಬೇಕಾದದ್ದು. ಟೇಪು ಎಳೆದು ಬರುವ ನಡುಕ ಬೇಡದ್ದು. ಅವನ ಗಂಟಲು ಒಡೆಯುವುದು ಬೇಕಾದದ್ದು. ಮಧ್ಯೆ ಒಂದು ಕಡೆ ಬರುವ ಸೀನು ಬೇಡದ್ದು, ಅದು ನಮ್ಮ ಹತ್ತಿಯ ಗೋಡೆಯದು. ಯಶು, ಕೆಲಸದಲ್ಲಿ ನಾನು ಕಲಿತ ದೊಡ್ಡ ಸಂಗತಿ ಇದೇ. ಸದ್ದಿನಲ್ಲಿ ಹುಳುಕು ಎನ್ನುವುದು ಒಂದೇ ಬಗೆಯದಲ್ಲ. ಮಾಡಿದವನನ್ನು ಕೇಳದೆ ಒರೆಸಬೇಡ. ನಾನು ಬರೆದ ಚೀಟಿ ಹರಿದುಹಾಕಿ ಹೊಸದು ಬರೆದೆ. ಒಂದು ಸೀನು, ಎರಡು ನಡುಕ, ಉಳಿದದ್ದು ಸರಿ.

ಇನ್ನೊಂದೇ ಗಂಡಾಂತರ ಉಳಿದಿತ್ತು. ಯಾವ ಹೊಸ ಕ್ಯಾಸೆಟ್ಟಾದರೂ ಮೊದಲ ಪ್ರತಿಯನ್ನು ಶುಕ್ರವಾರ ದೇವರ ಪಟದ ಮುಂದಿಟ್ಟು, ಕಾಯಿ ಒಡೆದು, ಮುದಲಾಳಿ ತಮ್ಮ ಕೈಯಾರೆ ಹಾಕಿ ಎಲ್ಲರಿಗೂ ಕೇಳಿಸುವುದು ಕಂಪನಿಯ ಪದ್ಧತಿ. ಸ್ವಾಮಿಗಳ ಕ್ಯಾಸೆಟ್ಟೆಂದು ಈ ಸಲ ಅದ್ಧೂರಿ. ತಾವು ಮಲೆಗೆ ಹೋಗುವ ತಂಡದ ಗುರುಸ್ವಾಮಿಯನ್ನೇ ಕರೆಸಿದ್ದರು. ಅವರು ಗಿರಣಿಯಿಂದ ನಿವೃತ್ತರಾದ ನೇಯ್ಗೆಯ ಮೇಸ್ತ್ರಿ, ಕನ್ನಡ ಬಲ್ಲವರು, ಲೆಕ್ಕವಿಲ್ಲದಷ್ಟು ಸಲ ಮಲೆ ಹತ್ತಿದವರು. ಕ್ಯಾಸೆಟ್ಟು ಮಾರುವ ಅಂಗಡಿಯವರೂ ಬಂದಿದ್ದರು. ಧಾರಾಪುರದವರೊಬ್ಬರು, ಮಡತ್ತುಕುಳಂನವರೊಬ್ಬರು.

ಕರ್ಪೂರ ಹಚ್ಚಿ, ಮುದಲಾಳಿ ಗುಂಡಿ ಒತ್ತಿದರು.

ಮೊದಲ ಹೊಡೆತಕ್ಕೆ ಕರ್ಪೂರ ಆರಿತು. ಅಂಗಡಿಯವರು ಒಂದು ಹೆಜ್ಜೆ ಹಿಂದೆ ಸರಿದರು. ಭಾಸ್ಕರನ ಗಂಟಲು ಪೆಟ್ಟಿಗೆಯಿಂದ ಗೊರ್ ಎಂದು ಎದ್ದಿತು. ಯಾರಾದರೂ ಬಾಯಿ ಬಿಡುವುದು ಹೇಗೆ? ದೇವರ ಮುಂದೆ, ಗುರುಸ್ವಾಮಿಯ ಎದುರು, ವ್ರತದ ಹುಡುಗರ ಹಾಡನ್ನು ಇದೇನು ಎಂದು ಕೇಳಿದರೆ ತನ್ನ ಭಕ್ತಿಯೇ ಕಡಿಮೆ ಎಂದಾದೀತು. ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿ, ಕಡೆಗೆ ಕಣ್ಣು ಮುಚ್ಚಿಕೊಂಡರು.

ಮೊದಲು ದಾರಿ ಕಂಡುಕೊಂಡವರು ಧಾರಾಪುರದವರು. "ಹುಲಿ," ಎಂದರು ಮೆಲ್ಲನೆ. "ಸ್ವಾಮಿಯ ವಾಹನ. ಕಾಡಿನಲ್ಲಿ ಹುಲಿ ಕೂಗ್ತಿದೆ."

ಎಲ್ಲರಿಗೂ ಉಸಿರು ಬಂತು. "ಅದಕ್ಕೇ ನೋಡಿ!" ಎಂದರು ಮುದಲಾಳಿ.

"ಆ ದಡದಡ, ಮಲೆಯಿಂದ ಆನೆ ಇಳೀತಿರೋದು," ಎಂದರು ಮಡತ್ತುಕುಳಂನವರು, ತಾವು ಹಿಂದೆ ಬೀಳಬಾರದೆಂದು. ಆಮೇಲೆ ಪೈಪೋಟಿಯೇ ನಡೆಯಿತು. ಒಬ್ಬರಿಗೆ ಇರುಮುಡಿ ಹೊತ್ತು ಏದುಸಿರು ಬಿಡುವುದು ಕೇಳಿಸಿತು, ಇನ್ನೊಬ್ಬರಿಗೆ ಪಂಪಾ ಹೊಳೆಯ ನೀರಿನ ಭೋರ್ಗರೆತ. ಮಾಸ್ಟರ್ ಮಾತ್ರ ನನ್ನ ಕಿವಿಯ ಹತ್ತಿರ, "ಸ್ಪೀಕರು ಹರಿದಿದೆ," ಎಂದರು. ಗುರುಸ್ವಾಮಿ ಕಣ್ಣು ಮುಚ್ಚಿಯೇ ಕೂತಿದ್ದರು.

ಹಾಡು ಮುಗಿದಾಗ ಮುದಲಾಳಿಯ ಕಣ್ಣು ಒದ್ದೆಯಾಗಿತ್ತು. "ರಟ್ಟಿನ ಮೇಲೆ ದೊಡ್ಡ ಹುಲಿ, ಮೇಲೆ ಸ್ವಾಮಿ. 'ಹುಲಿವಾಹನ ಗಾನ' ಅಂತ ಹೆಸರು. ಹಾಡಿದವರು ಭಾಸ್ಕರಸ್ವಾಮಿ ಗೋಷ್ಠಿ. ಮಕರಜ್ಯೋತಿಗೆ ಮುಂಚೆ ಊರೂರಿಗೂ ಹೋಗ್ಬೇಕು," ಎಂದರು. ಅಂಗಡಿಯವರು ಅಲ್ಲಿಯೇ ತಮಗೆ ಹೆಚ್ಚು ಬೇಕು, ತಮಗೆ ಹೆಚ್ಚು ಬೇಕು ಎಂದರು.

ಅಂತೋಣಿ ಭಾಸ್ಕರನ ಅಂಗಿ ಜಗ್ಗಿದ. "ಸುಮ್ನಿರು ಮಚ್ಚಾ. ಬರ್ತಿದೆಯಲ್ಲ ಸಾಕು. ಒಳಗಿರೋದು ನಮ್ಮ ಹಾಡೇ ತಾನೆ?"

"ಹುಲಿ ಅಂತ ಕೇಳ್ತಾರೋ," ಎಂದ ಭಾಸ್ಕರ. "ಹೊಳೆ ಎಲ್ಲಿ ಹೋಯ್ತು?"

ಅವನು ಮುಂದೆ ಬಂದು ಕೈಮುಗಿದು ಕನ್ನಡದಲ್ಲಿ ಹೇಳಿದ. "ಮುದಲಾಳಿ, ನಾವು ಸ್ವಾಮಿಗಳಲ್ಲ. ಮಾಲೆ ಹಾಕಿಲ್ಲ. ಕಪ್ಪಂಗಿ ನಮ್ಮ ಸಂಗೀತದವರು ಹಾಕೋ ಬಟ್ಟೆ. ಅವತ್ತು ನೀವು ಶರಣಂ ಅಂದ್ರಿ, ನಾನೂ ಅಂದ್ಬಿಟ್ಟೆ. ಇದು ನೊಯ್ಯಲ್ ಹೊಳೆ ಹಾಡು. ಇದರ ಮೇಲೆ ದೇವರ ಪಟ ಹಾಕ್ಬೇಡಿ." ಅಂಗಿಯ ಒಳಗಿಂದ ಸರ ಎಳೆದು ತೋರಿಸಿದ. ತುದಿಯಲ್ಲಿ ಪುಟ್ಟ ತಲೆಬುರುಡೆ.

ಮುದಲಾಳಿಯೂ ಕನ್ನಡಕ್ಕೆ ತಿರುಗಿದರು, ಅಂದರೆ ಬೈಯತೊಡಗಿದರು. "ಲೋ ಕತ್ತೆ! ನನ್ ಮನೇಲಿ ಕೂತು ಪೂಜೆ ಎಡೆ ಉಂಡ್ಯಲ್ಲೋ! ನನ್ ಅವ್ವ ನಿನ್ ಕಾಲಿಗೆ ಬಿದ್ಲಲ್ಲೋ! ಎಪ್ಪತ್ತು ದಾಟಿದ ಮುದುಕಿ!" ಕನ್ನಡ ತಿಳಿಯದ ಅಂಗಡಿಯವರು ಇದು ಪೂಜೆಯ ಕೊನೆಯ ಭಾಗವೆಂದುಕೊಂಡು ಕೈಮುಗಿದೇ ನಿಂತಿದ್ದರು. ಮುದಲಾಳಿ ಕ್ಯಾಸೆಟ್ಟನ್ನು ಯಂತ್ರದಿಂದ ಹೊರಗೆ ತೆಗೆದರು. ಕಿಟಕಿಯಿಂದ ಎಸೆಯುತ್ತಾರೆಂದೇ ನಾನು ತಿಳಿದೆ.

ಆಗ ಗುರುಸ್ವಾಮಿ ಕಣ್ಣು ತೆರೆದರು.

"ಮಾಲೆ ಇಲ್ಲ. ಸರಿ. ಕವುಚಿ ತಿಂದ್ಯಾಪ್ಪಾ?" ಎಂದು ಕೇಳಿದರು. ನಮ್ಮ ಕಡೆ ಮಾಂಸಕ್ಕೆ ಹಾಗೆ ಹೇಳುತ್ತಾರೆ.

"ಇಲ್ಲ ಗುರುಸ್ವಾಮಿ," ಎಂದ ಭಾಸ್ಕರ.

"ಬೀಡಿ, ಸಿಗರೇಟು?"

ಗಿಟಾರಿನವನು ಮೊದಲ ಸಲ ಬಾಯಿ ಬಿಟ್ಟ. "ಹಚ್ಚಿದೆ. ಸೇದೋಕೆ ಬಿಡಲಿಲ್ಲ."

"ಚಪ್ಪಲಿ? ಹಾಸಿಗೆ? ತಣ್ಣೀರು ಸ್ನಾನ?"

ನಾಲ್ವರೂ ತಲೆ ತಗ್ಗಿಸಿದರು. ಗುರುಸ್ವಾಮಿ ನನ್ನ ಕಡೆ ತಿರುಗಿದರು. "ಅಮ್ಮಾ, ದಿನಾ ಇಲ್ಲೇ ಇರೋಳು ನೀನು. ಇವರು ನಿಜ ಹೇಳ್ತಿದಾರಾ?"

ಅಷ್ಟು ಗಂಡಸರು ನನ್ನನ್ನು ನೋಡಿದರು. ಹೆಡ್‌ಫೋನ್ ಇದ್ದಿದ್ದರೆ ಹಾಕಿಕೊಳ್ಳುತ್ತಿದ್ದೆ. "ನಿಜ," ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಕೆಡೋದಕ್ಕೆ ಅವರಿಗೆ ಈ ಬೀದಿ ಪುರುಸೊತ್ತೇ ಕೊಡಲಿಲ್ಲ," ಎಂದೂ ಹೇಳಿದೆ.

ಗುರುಸ್ವಾಮಿ ನಕ್ಕರು. ಹೊಟ್ಟೆ ಕುಣಿಯುವ ಹಾಗೆ ನಕ್ಕರು. "ಮಾಲೆ ಹಾಕ್ಕೊಂಡು ವ್ರತ ಕೆಡಿಸಿದವರನ್ನ ಪ್ರತಿ ವರ್ಷ ನೋಡ್ತೀನಿ, ಮುದಲಾಳಿ. ನಮ್ಮ ತಂಡದಲ್ಲೇ ಇದಾರೆ, ಹೆಸರು ಬೇಡ." ಮುದಲಾಳಿ ಏಕೋ ಪಂಚೆ ಸರಿಮಾಡಿಕೊಂಡರು. "ಮಾಲೆ ಇಲ್ಲದೆ ಮಂಡಲ ಮುಗಿಸಿದವರನ್ನ ಇವತ್ತೇ ನೋಡಿದ್ದು. ನಿನ್ನ ಅವ್ವ ಬಿದ್ದ ಕಾಲು ತಪ್ಪು ಕಾಲೇನಲ್ಲ. ಹುಡುಗ ಸುಳ್ಳು ಪಟ ಬೇಡ ಅಂತಾನೆ. ಅವನ ಹಾಡು ಅವನಿಗೆ ಮಾಡಿಕೊಡು." ಎದ್ದು ಹೊರಟವರು ಬಾಗಿಲಲ್ಲಿ ತಿರುಗಿ, "ಸದ್ದು ಮಾತ್ರ ಭಯಂಕರ. ನಮ್ಮ ಗಿರಣಿಯಲ್ಲಿ ಇದಕ್ಕಿಂತ ಕಮ್ಮಿ ಇತ್ತು," ಎಂದರು.

ಮುದಲಾಳಿ ಒಂದು ವಾರ ಯಾರೊಡನೆಯೂ ತಮಿಳಿನಲ್ಲಿ ಮಾತಾಡಲಿಲ್ಲ. ಆದರೆ ಕ್ಯಾಸೆಟ್ಟು ಮಾಡಿಕೊಟ್ಟರು. ಷರತ್ತು ಒಂದೇ, ಎಲ್ಲಿಯೂ ಕಂಪನಿಯ ಹೆಸರಿರಬಾರದು. ರಟ್ಟಿನ ಮೇಲೆ ಕಪ್ಪು ಬಣ್ಣ, ಅದರ ಮೇಲೆ ಕೆಂಪು ಅಕ್ಷರದಲ್ಲಿ ತಂಡದ ಹೆಸರು, ಹೊಳೆಯ ಹೆಸರು. ಮೊದಲ ಕಟ್ಟು ಬಂದಾಗ ಭಾಸ್ಕರ ಒಂದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ತೈ ಹುಟ್ಟುವುದಕ್ಕೆ ಇನ್ನೂ ದಿನವಿತ್ತು. ಅವನು ಗೆದ್ದಿದ್ದ.

ಮಾರಾಟವಾಗಲಿಲ್ಲ. ಕಾಲೇಜಿನ ಹುಡುಗರು ಕೆಲವರು ಕೊಂಡರು. ಧಾರಾಪುರದವರು ತಮಗೆ ಹುಲಿಯೇ ಕೇಳಿಸಿದ್ದೆಂದು ಹಟ ಹಿಡಿದು ಭಕ್ತಿಗೀತೆಯ ಸಾಲಿನಲ್ಲಿ ಇಟ್ಟು, ಯಾರದೋ ಗೃಹಪ್ರವೇಶಕ್ಕೆ ಕೊಟ್ಟು, ಬೈಸಿಕೊಂಡು, ಉಳಿದದ್ದನ್ನು ವಾಪಸು ಕಳುಹಿಸಿದರು. ಕಟ್ಟುಗಳು ನನ್ನ ಮೇಜಿನ ಕೆಳಗೆ ಧೂಳು ಹಿಡಿದು ಕೂತವು. ಹುಡುಗರು ಚದುರಿದರು. ಭಾಸ್ಕರ ಕೂದಲು ಕತ್ತರಿಸಿ ತೊಟ್ಟಿಯ ಮೇಲೆ ನಿಂತ. ಮುಂದಿನ ವರ್ಷ ಮುದಲಾಳಿ ಜಾಗ ಬೇಕೆಂದಾಗ, ಹಳೆಯ ಟೇಪು ಏನಾದರೂ ಇದ್ದರೆ ಕೊಡು ಎಂದು ಅನ್ನೂರಿನಲ್ಲಿ ಜೋಳ ಬೆಳೆಯುವ ನನ್ನ ಭಾವ ಕೇಳಿದರು. ಕ್ಯಾಸೆಟ್ಟಿನ ಟೇಪನ್ನು ಬಿಚ್ಚಿ ಹೊಲದ ಮೇಲೆ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿದರೆ ಗಾಳಿಗೆ ಸದ್ದು ಮಾಡುತ್ತದೆ, ಹಕ್ಕಿ ಬರುವುದಿಲ್ಲ. ನಾನು ಭಾಸ್ಕರನಿಗೆ ಹೇಳಿ ಕಳುಹಿಸಿದೆ, ಅವನದು, ಅವನನ್ನು ಕೇಳದೆ ಹೇಗೆ? ಅವನು ಕೊಡಿ ಎಂದ. ತಾನೂ ನೋಡಲು ಬರುತ್ತೇನೆಂದ.

ಬಂದ. ಸ್ಕೂಟರಿನಲ್ಲಿ, ಮೊಣಕೈವರೆಗೆ ನೀಲಿ ಬಣ್ಣ ಹತ್ತಿದ ಕೈ. ಬದುವಿನ ಮೇಲೆ ನಿಂತ. ಹೊಲದ ಮೇಲೆಲ್ಲ ಕಂದು ಟೇಪು ಬಿಸಿಲಿಗೆ ಮಿನುಗುತ್ತಿತ್ತು. ಪಾಲ್ಘಾಟಿನ ಕಣಿವೆಯ ಗಾಳಿ ಬೀಸಿದಾಗ ಇಡೀ ಹೊಲ ಗೊರ್ ಎಂದು ಎದ್ದಿತು. ತೆನೆಗೆ ಇಳಿಯುತ್ತಿದ್ದ ಗಿಣಿಗಳ ಹಿಂಡು ಅರ್ಧದಿಂದಲೇ ತಿರುಗಿ ಹಾರಿತು.

"ಹೋದ ವರ್ಷ ಸಿನಿಮಾ ಹಾಡಿನ ಟೇಪು ಕಟ್ಟಿದ್ದೆ, ಕೂತ್ಕೊಂಡು ತಿಂದ್ವು," ಎಂದರು ಭಾವ. "ಇದು ಯಾರ್ ಹಾಡಿದ್ದಪ್ಪಾ? ಒಂದ್ ಗಿಣಿ ಇಳೀಲಿಲ್ಲ!"

"ನಾನೇ ಮಾವಾ," ಎಂದ ಭಾಸ್ಕರ.

ಭಾವ ಅವನನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗ್ ಹಾಡಿದೀಯ," ಎಂದರು. ಅವನು ನಕ್ಕು ಮುಖವನ್ನು ಆ ಕಡೆ ತಿರುಗಿಸಿಕೊಂಡ. ಕಟಾವಿನವರೆಗೆ ಆ ಹೊಲ ಹಾಡಿತು. ಆಮೇಲೆ ಟೇಪು ಬಿಸಿಲಿಗೆ ಒಣಗಿ, ತುಂಡಾಗಿ, ಮಣ್ಣಿಗೆ ಹೋಯಿತು.

ನನಗೆ ತಿಳಿದ ಮಟ್ಟಿಗೆ ಆ ಕ್ಯಾಸೆಟ್ಟಿನ ಒಂದು ಪ್ರತಿಯೂ ಈಗ ಎಲ್ಲಿಯೂ ಇಲ್ಲ. ಕಂಪನಿಯ ಹೆಸರಿಲ್ಲದ್ದಕ್ಕೆ ಗುರುತೂ ಇಲ್ಲ. ಪೂರ್ತಿಯಾಗಿ, ಎರಡೂ ಬದಿ, ಮತ್ತೆ ಮತ್ತೆ ಕೇಳಿದವಳು ಬಹುಶಃ ನಾನೊಬ್ಬಳೇ. ನಾನು ಹೋದರೆ, ಹೊಳೆ ಸತ್ತಿತೆಂದು ನಾಲ್ಕು ಹುಡುಗರು ಆಗಲೇ ಕೂಗಿ ಹೇಳಿದ್ದರು ಎನ್ನುವುದಕ್ಕೆ ಈ ಹಾಳೆಗಳಷ್ಟೇ. ಯಶು ಕಳೆದುಹಾಕುತ್ತಾನೆ, ಆದ್ದರಿಂದ ನಂದಿನಿ, ಓದಿದ ಮೇಲೆ ನಿನ್ನ ಹತ್ತಿರವೇ ಇಟ್ಟುಕೋ. ಗೆದ್ದಲು ಬಾರದ ಕಡೆ, ಸೀರೆಗಳ ಮಡಿಕೆಯಲ್ಲಿ ಇಟ್ಟರೂ ಆದೀತು. ಕನ್ನಡ ಓದಬಲ್ಲ ಮಗು ಮನೆಯಲ್ಲಿ ಇರುವವರೆಗೆ ಬಿಸಾಡಬೇಡ.